ಜಿಂಕೆ ತರುವ ಗಾಡಿ, ಆಫೀಸಿಗೆ ಹೋಗುವ ಗಾಡಿ

ಅಮೆರಿಕದ ಮಿಷಿಗನ್ ರಾಜ್ಯದಲ್ಲಿ ನವೆಂಬರ್ 15 ಅಂದರೆ ಹೆಚ್ಚುಕಡಿಮೆ ಹಬ್ಬ. ಕೋವಿ ಹಿಡಿದು ಜಿಂಕೆ ಬೇಟೆಯಾಡಲು ಅನುಮತಿ ಶುರುವಾಗುವುದು ಆ ದಿನ, ಮುಗಿಯುವುದು 30ರಂದು. ಸೋಮವಾರ ಬರಲಿ, ಭಾನುವಾರ ಬರಲಿ, ತಾರೀಕು ಮಾತ್ರ ಅದೇ. ಉತ್ತರದ ಕೆಲವು ಊರುಗಳಲ್ಲಿ ಅಂದು ಶಾಲೆಗೂ ರಜೆ. ರಾಜ್ಯದಲ್ಲಿ ವರ್ಷಕ್ಕೆ ಸುಮಾರು 6 ಲಕ್ಷ ಜನ ಜಿಂಕೆ ಬೇಟೆಯ ಪರವಾನಗಿ ಪಡೆಯುತ್ತಾರೆ. ಹಿಂದಿನ ದಿನದಿಂದಲೇ ಡೆಟ್ರಾಯಿಟ್ ಸುತ್ತಲಿನ ಊರುಗಳಿಂದ ಐ-75 ಹೆದ್ದಾರಿಯಲ್ಲಿ ಉತ್ತರಕ್ಕೆ ಗಾಡಿಗಳ ಸಾಲು ಹೊರಡುತ್ತದೆ. ಕೆಲವರು ಮ್ಯಾಕಿನಾ ಸೇತುವೆ ದಾಟಿ ಮೇಲಿನ ಪರ್ಯಾಯ ದ್ವೀಪದ ಕಾಡುಗಳವರೆಗೂ ಹೋಗುತ್ತಾರೆ. ಡೆಟ್ರಾಯಿಟ್‌ನಿಂದ ಆ ಸೇತುವೆ ಮುಟ್ಟಲಿಕ್ಕೇ 450 ಕಿಲೋಮೀಟರಿಗೂ ಹೆಚ್ಚು ಓಡಿಸಬೇಕು.

ಡೆಟ್ರಾಯಿಟ್ ಸೀಮೆಯ ವಾಹನ ಕಂಪನಿಗಳಲ್ಲಿ ಕೆಲಸ ಮಾಡುವ ಕನ್ನಡಿಗರು ಬಹಳ. ನೋವೈ, ಟ್ರಾಯ್, ಕ್ಯಾಂಟನ್‌ನಂಥ ಊರುಗಳಲ್ಲಿ ಮನೆ, ಅರ್ಧ ಗಂಟೆ ದೂರದಲ್ಲಿ ಆಫೀಸು. ಸಹೋದ್ಯೋಗಿಗಳ ಜೊತೆ ಒಂದು ಸಲ ಬೇಟೆಗೆ ಹೋಗಿ ಬಂದು, ಮರುವರ್ಷ ತಾವೇ ಪರವಾನಗಿ ಮಾಡಿಸುವವರು ನಮ್ಮಲ್ಲೂ ಇರುತ್ತಾರೆ. ಆಗ ಏಳುವ ಪ್ರಶ್ನೆ ಅಲ್ಲಿನ ಯಾವುದೇ ಮಧ್ಯಮ ವರ್ಗದ ಬೇಟೆಗಾರನದ್ದೇ: ಕೊಳ್ಳಲು ಆಗುವುದು ಒಂದೇ ಗಾಡಿ, ವಾರದ ಐದು ದಿನ ಆಫೀಸಿಗೂ ಅದೇ ಹೋಗಬೇಕು, ನವೆಂಬರಿನಲ್ಲಿ ಕಾಡಿಗೂ ಅದೇ ಹೋಗಬೇಕು. ಪಿಕಪ್ ತೆಗೆದುಕೊಳ್ಳುವುದೋ, ಎಸ್‌ಯುವಿಯೋ?

ಗಾಡಿ ಮಾರುವವರು ಇದಕ್ಕೆ ಉತ್ತರವನ್ನು ಎಂಜಿನ್ನಿನಿಂದ ಶುರುಮಾಡುತ್ತಾರೆ. ಎಷ್ಟು ಕುದುರೆಶಕ್ತಿ, ಎಷ್ಟು ಟನ್ ಎಳೆಯುತ್ತದೆ, ಎಂಥ ಕೆಸರಿನಿಂದ ಎದ್ದು ಬರುತ್ತದೆ. ನಾನು ಶುರುಮಾಡುವುದು ಬೇರೆ ಎರಡು ಕಡೆಯಿಂದ: ಹೊಡೆದ ಜಿಂಕೆಯ ಮಾಂಸ ಕೆಡದೆ ಮನೆ ಸೇರುವುದು ಹೇಗೆ, ಮತ್ತು ಮಾಮೂಲಿ ಮಂಗಳವಾರ ಬೆಳಿಗ್ಗೆ ಆಫೀಸು ಸೇರುವುದು ಹೇಗೆ. ಇವೆರಡಕ್ಕೂ ಸರಿಹೊಂದುವ ಗಾಡಿ ಹುಡುಕಿದರೆ ಉತ್ತರ ಜಾಹೀರಾತುಗಳು ತೋರಿಸುವ ದೊಡ್ಡ ಪಿಕಪ್ಪಿನ ಕಡೆ ಹೋಗುವುದಿಲ್ಲ ಎಂಬುದು ನನ್ನ ಗಟ್ಟಿ ಅಭಿಪ್ರಾಯ.

ಕರ್ನಾಟಕದಲ್ಲಿ ಕೂತು ಓದುವವರಿಗೆ ಒಂದು ಮಾತು. ನಮ್ಮಲ್ಲಿ ವನ್ಯಜೀವಿ ಸಂರಕ್ಷಣಾ ಕಾಯ್ದೆ ಬಂದದ್ದು 1972ರಲ್ಲಿ. ಈಗ ಬೇಟೆ ಎಂದರೆ ಅಪರಾಧ, ಇಲ್ಲವೇ ತೇಜಸ್ವಿ ಕನ್ನಡಕ್ಕೆ ತಂದ ಕೆನೆತ್ ಆಂಡರ್ಸನ್ನನ ಕಥೆ. ಅಮೆರಿಕ ಬೇರೆ ದಾರಿ ಹಿಡಿಯಿತು. ಇಪ್ಪತ್ತನೆಯ ಶತಮಾನದ ಆರಂಭದ ಹೊತ್ತಿಗೆ ಅಲ್ಲಿಯೂ ಬಿಳಿಬಾಲದ ಜಿಂಕೆ ಬಹುತೇಕ ಕಡೆ ಅಳಿವಿನ ಅಂಚಿಗೆ ಬಂದಿತ್ತು. ಮಾರಾಟಕ್ಕಾಗಿ ಬೇಟೆಯಾಡುವುದನ್ನು ನಿಲ್ಲಿಸಿ, ಋತು, ಪರವಾನಗಿ, ತಲೆಗಿಷ್ಟು ಎಂಬ ಮಿತಿ ತಂದರು. 1937ರ ಪಿಟ್ಮನ್-ರಾಬರ್ಟ್‌ಸನ್ ಕಾಯ್ದೆಯಡಿ ಬೇಟೆಯ ಕೋವಿ ಮತ್ತು ತೋಟಾಗಳ ಮೇಲಿನ ತೆರಿಗೆಯ (ಈಗ ಶೇ. 11) ಹಣ ವನ್ಯಜೀವಿಗಳ ಪುನರುಜ್ಜೀವನಕ್ಕೆ ಹೋಗತೊಡಗಿತು. ಈಗ ಜಿಂಕೆ ಹೆಚ್ಚಾಗಿರುವುದೇ ಹಲವು ರಾಜ್ಯಗಳ ಚಿಂತೆ. ನಮಗೂ ಆ ದಾರಿಯೇ ಬೇಕು ಎಂದು ನಾನು ವಾದಿಸುತ್ತಿಲ್ಲ. ನಮ್ಮ ಕಾಡಿನ ವಿಸ್ತೀರ್ಣ, ಜನಸಂಖ್ಯೆ ಎರಡೂ ಬೇರೆ. ಆದರೆ ಅಲ್ಲಿ ನಡೆಯುವುದು ಕಳ್ಳಬೇಟೆಯಲ್ಲ, ಹೊಡೆದ ಪ್ರಾಣಿಗೆ ಲೆಕ್ಕ ಕೊಡಬೇಕಾದ ಬೇಟೆ. ಮಿಷಿಗನ್ನಿನಲ್ಲಿ ಜಿಂಕೆ ಹೊಡೆದ 72 ಗಂಟೆಯೊಳಗೆ ಆನ್‌ಲೈನಿನಲ್ಲಿ ಸರ್ಕಾರಕ್ಕೆ ವರದಿ ಕೊಡುವುದು 2022ರಿಂದ ಕಡ್ಡಾಯ. ಮಾಂಸವನ್ನು ಸುಮ್ಮನೆ ಹಾಳುಮಾಡಿದರೆ ಶಿಕ್ಷೆ ಕೊಡುವ ಕಾನೂನು ಹಲವು ರಾಜ್ಯಗಳಲ್ಲಿದೆ. ಒಂದು ಪ್ರಾಣಿಯ ಜೀವ ತೆಗೆದ ಮೇಲೆ ಅದರ ಮಾಂಸವನ್ನು ಚೆನ್ನಾಗಿ ಮನೆಗೆ ತರುವುದು ಬೇಟೆಗಾರನ ಮೊದಲ ಕರ್ತವ್ಯ. ಗಾಡಿಯ ಪ್ರಶ್ನೆ ಹುಟ್ಟುವುದೂ ಇಲ್ಲಿಯೇ.

ಬೆಳೆದ ಗಂಡು ಜಿಂಕೆಯನ್ನು ಹೊಡೆದ ಜಾಗದಲ್ಲೇ ಹೊಟ್ಟೆ ಬಗೆದು ಕರುಳು, ಅಂಗಾಂಗ ತೆಗೆಯುತ್ತಾರೆ. ಉಳಿಯುವುದು ಸುಮಾರು 60ರಿಂದ 70 ಕಿಲೋ ತೂಕದ ದೇಹ. ಜೀವ ಹೋದಾಗ ಅದರ ಮೈಶಾಖ 38 ಡಿಗ್ರಿ ಸೆಲ್ಸಿಯಸ್ ಆಸುಪಾಸು. ಬ್ಯಾಕ್ಟೀರಿಯಾ ಬೆಳೆಯದಂತೆ ತಡೆಯಬೇಕಾದರೆ ಅದು ಬೇಗ 4 ಡಿಗ್ರಿಗಿಂತ ಕೆಳಗೆ ಇಳಿಯಬೇಕು. ಚಳಿಗಾಲಕ್ಕೆಂದು ದಟ್ಟವಾಗಿ ಬೆಳೆದ ತುಪ್ಪಳ ಶಾಖವನ್ನು ಒಳಗೇ ಹಿಡಿದಿಡುತ್ತದೆ. ಹೀಗಾಗಿ ಹೊಟ್ಟೆಯ ಭಾಗ ತೆರೆದು, ಗಾಳಿಯಾಡುವಂತೆ ಇಡಬೇಕು. ನವೆಂಬರಿನ ಮಿಷಿಗನ್ನಿನಲ್ಲಿ ಹೊರಗಿನ ಗಾಳಿಯೇ ಈ ಕೆಲಸ ಮಾಡುತ್ತದೆ. ಪಿಕಪ್ಪಿನ ಹಿಂಬದಿಯ ತೆರೆದ ತೊಟ್ಟಿಯಲ್ಲಿ ಮಲಗಿಸಿ, ಮೇಲೊಂದು ಟಾರ್ಪಾಲು ಕಟ್ಟಿದರೆ ಮನೆ ಸೇರುವ ಹೊತ್ತಿಗೆ ಮಾಂಸ ತಣ್ಣಗಾಗಿರುತ್ತದೆ.

ಅದೇ ಜಿಂಕೆಯನ್ನು ಎಸ್‌ಯುವಿಯ ಒಳಗೆ, ಹಿಂದಿನ ಸೀಟು ಮಡಚಿ ಮಲಗಿಸಿದರೆ? ಹೊರಗೆ ಹಿಮ, ಒಳಗೆ ಹೀಟರು. 20 ಡಿಗ್ರಿ ಬೆಚ್ಚಗಿನ ಡಬ್ಬಿಯಲ್ಲಿ ನಾಲ್ಕೈದು ಗಂಟೆ ಪ್ರಯಾಣ. ಮಾಂಸಕ್ಕೆ ಇದಕ್ಕಿಂತ ಕೆಟ್ಟ ವ್ಯವಸ್ಥೆ ಇಲ್ಲ. ಪ್ಲಾಸ್ಟಿಕ್ ಹಾಸಿದರೂ ರಕ್ತ ಎಲ್ಲೋ ಒಂದು ಕಡೆ ಕಾರ್ಪೆಟ್ಟಿನೊಳಗೆ ಇಳಿಯುತ್ತದೆ. ಮುಂದಿನ ಬೇಸಿಗೆಯಲ್ಲಿ ವಾಸನೆ ಹೊಡೆಯುತ್ತದೆ. ಅದಕ್ಕಿಂತ ಗಂಭೀರವಾದದ್ದು ಉಣ್ಣೆಗಳ ಕಾಟ. ಪ್ರಾಣಿಯ ಮೈ ತಣ್ಣಗಾಗುತ್ತಿದ್ದಂತೆ ಅದರ ಮೇಲಿದ್ದ ಉಣ್ಣೆಗಳು ಇಳಿದು ಬೇರೆ ಬಿಸಿ ಮೈ ಹುಡುಕುತ್ತವೆ. ಆ ಜಿಂಕೆ ಉಣ್ಣೆಗಳು ಲೈಮ್ ಎಂಬ ಕಾಯಿಲೆ ಹರಡುತ್ತವೆ. ನವೆಂಬರಿನಲ್ಲೂ ಹಿಮಗಟ್ಟದ ದಿನಗಳಲ್ಲಿ ಚುರುಕಾಗಿಯೇ ಇರುತ್ತವೆ. 1957ರಲ್ಲಿ ಶಿವಮೊಗ್ಗ ಜಿಲ್ಲೆಯ ಕ್ಯಾಸನೂರು ಕಾಡಿನಲ್ಲಿ ಪತ್ತೆಯಾದ ಮಂಗನ ಕಾಯಿಲೆಯನ್ನು ಕಂಡ ಮಲೆನಾಡಿನವರಿಗೆ ಉಣ್ಣೆಯ ಅಪಾಯವನ್ನು ಬಿಡಿಸಿ ಹೇಳಬೇಕಿಲ್ಲ. ಶನಿವಾರ ಜಿಂಕೆ ಮಲಗಿದ್ದ ಜಾಗದಲ್ಲಿ ಸೋಮವಾರ ಮಗುವಿನ ಸೀಟು ಬರುತ್ತದೆ ಎಂಬುದನ್ನು ನೆನೆದರೆ ಸಾಕು.

ಇಷ್ಟು ಕೇಳಿದ ಮೇಲೆ ಪಿಕಪ್ಪೇ ಸರಿ ಅನ್ನಿಸುವುದು ಸಹಜ. ಆದರೆ ಮಾತು ಇಲ್ಲಿಗೆ ಮುಗಿಯುವುದಿಲ್ಲ.

ಮೊದಲನೆಯದಾಗಿ, ತೆರೆದ ತೊಟ್ಟಿ ಚಳಿಯಲ್ಲಿ ಮಾತ್ರ ಒಳ್ಳೆಯದು. ಟೆಕ್ಸಸ್‌ನಲ್ಲಿ ನವೆಂಬರಿನ ಮಧ್ಯಾಹ್ನ 25 ಡಿಗ್ರಿ ದಾಟುವುದುಂಟು. ಅಲ್ಲಿ ಬಿಸಿಲಿಗೆ ಕಾದ ಕಪ್ಪು ಪ್ಲಾಸ್ಟಿಕ್ ಹಾಸಿನ ಮೇಲೆ ಜಿಂಕೆ ಮಲಗಿಸಿದರೆ ಮಾಂಸ ಬೇಗ ಕೆಡುತ್ತದೆ. ಸೆಪ್ಟೆಂಬರಿನ ಬಿಲ್ಲುಬಾಣದ ಬೇಟೆಗೂ ಇದೇ ಮಾತು. ಅಂಥ ಕಡೆ ಐಸು ತುಂಬಿದ ದೊಡ್ಡ ಕೂಲರ್ ಪೆಟ್ಟಿಗೆಯೇ ಗತಿ, ಮತ್ತು ಪೆಟ್ಟಿಗೆಯನ್ನು ಯಾವ ಗಾಡಿಯಲ್ಲಾದರೂ ಇಡಬಹುದು.

ಎರಡನೆಯ ಸಂಗತಿ ಒಂದು ಕಾಯಿಲೆಯದ್ದು. ಜಿಂಕೆಗಳ ಮಿದುಳು, ನರಮಂಡಲವನ್ನು ಕ್ರಮೇಣ ತಿಂದುಹಾಕುವ ಕ್ರಾನಿಕ್ ವೇಸ್ಟಿಂಗ್ ಡಿಸೀಸ್ ಎಂಬ ರೋಗವನ್ನು ಮೊದಲು ಗುರುತಿಸಿದ್ದು 1967ರಲ್ಲಿ, ಕೊಲರಾಡೋದ ಒಂದು ಸಂಶೋಧನಾ ಆವರಣದಲ್ಲಿ. ಇದಕ್ಕೆ ಕಾರಣ ವೈರಸ್ ಅಲ್ಲ, ಬ್ಯಾಕ್ಟೀರಿಯಾ ಅಲ್ಲ; ಪ್ರಿಯಾನ್ ಎಂಬ ವಿಕೃತ ಪ್ರೋಟೀನು. ಬೇಯಿಸಿದರೂ ಅದು ನಾಶವಾಗುವುದಿಲ್ಲ, ಮಣ್ಣಿನಲ್ಲಿ ವರ್ಷಗಟ್ಟಲೆ ಉಳಿಯುತ್ತದೆ. ಮಿಷಿಗನ್ನಿನ ಕಾಡು ಜಿಂಕೆಗಳಲ್ಲಿ ಕಂಡದ್ದು 2015ರಲ್ಲಿ. ಮನುಷ್ಯರಿಗೆ ಹರಡಿದ ದೃಢಪಟ್ಟ ಪ್ರಕರಣ ಇಲ್ಲ. ಆದರೂ ಸೋಂಕಿತ ಪ್ರಾಣಿಯ ಮಾಂಸ ತಿನ್ನಬೇಡಿ ಎಂಬುದು ಅಮೆರಿಕದ ಆರೋಗ್ಯ ಇಲಾಖೆಯ ಸಲಹೆ. ರೋಗ ಒಂದು ಸೀಮೆಯಿಂದ ಇನ್ನೊಂದಕ್ಕೆ ಹರಡದಿರಲೆಂದು ಹಲವು ರಾಜ್ಯಗಳು ಇಡೀ ಜಿಂಕೆಯನ್ನು ಗಡಿ ದಾಟಿಸುವುದನ್ನೇ ನಿಷೇಧಿಸಿವೆ. ತಲೆ, ಬೆನ್ನುಮೂಳೆ ಬಿಟ್ಟು, ಬಿಡಿಸಿದ ಮಾಂಸ ಅಥವಾ ತೊಡೆ, ಮುಂಗಾಲಿನ ಭಾಗಗಳನ್ನಷ್ಟೇ ತರಬಹುದು. ಹೊರರಾಜ್ಯದಲ್ಲಿ ಬೇಟೆಯಾಡಿ ಮಿಷಿಗನ್ನಿಗೆ ಮರಳುವವರಿಗೂ ಇದೇ ನಿಯಮ.

ಈ ನಿಯಮ ಗಾಡಿಯ ಲೆಕ್ಕಾಚಾರವನ್ನು ಬುಡಮೇಲು ಮಾಡುತ್ತದೆ. 65 ಕಿಲೋದ ಜಿಂಕೆಯಿಂದ ಮೂಳೆ ಬಿಡಿಸಿದ ಮೇಲೆ ಸಿಗುವ ಮಾಂಸ ಅಂದಾಜು 30 ಕಿಲೋ. ಅದು ಒಂದು ಒಳ್ಳೆಯ ಕೂಲರ್ ಪೆಟ್ಟಿಗೆಯಲ್ಲಿ ಐಸಿನ ಜೊತೆಗೇ ಹಿಡಿಯುತ್ತದೆ. ಪೆಟ್ಟಿಗೆಯ ಮುಚ್ಚಳ ಹಾಕಿದರೆ ರಕ್ತವಿಲ್ಲ, ವಾಸನೆಯಿಲ್ಲ, ಉಣ್ಣೆಯೂ ಇಲ್ಲ. ಇಡೀ ದೇಹವನ್ನು ಹೊತ್ತು ತರಬೇಕು ಎಂಬ ಒಂದೇ ಕಾರಣಕ್ಕೆ ಆರು ಮೀಟರ್ ಉದ್ದದ ಗಾಡಿ ಕೊಳ್ಳುವ ವಾದ ಇಲ್ಲಿ ಸಡಿಲವಾಗುತ್ತದೆ. ಎಲ್ಲಿ, ಹೇಗೆ ತುಂಡು ಮಾಡಬಹುದು, ಜಿಂಕೆಗೆ ಕಟ್ಟುವ ಗುರುತಿನ ಚೀಟಿಯನ್ನು ಎಲ್ಲಿಯತನಕ ಬಿಚ್ಚಬಾರದು ಎಂಬುದು ರಾಜ್ಯ ರಾಜ್ಯಕ್ಕೆ ಬೇರೆ. ಪ್ರತಿ ವರ್ಷ ಬರುವ ನಿಯಮಗಳ ಕೈಪಿಡಿ ಓದದೆ ಕಾಡಿಗೆ ಹೋಗಬಾರದು.

ಇಡೀ ಜಿಂಕೆಯನ್ನೇ ತರಬೇಕು ಎನ್ನುವವರಿಗೂ ಇನ್ನೊಂದು ದಾರಿಯಿದೆ. ಎಸ್‌ಯುವಿಯ ಹಿಂದೆ ಟ್ರೇಲರ್ ಎಳೆಯಲು ಹಾಕಿಸುವ ಹಿಚ್ಚಿಗೆ ಸಿಕ್ಕಿಸುವ ಕಬ್ಬಿಣದ ಜಾಲರಿ ತಟ್ಟೆ ಸಿಗುತ್ತದೆ. ಒಳ್ಳೆಯದಾದರೆ 200 ಕಿಲೋವರೆಗೂ ಹೊರುತ್ತದೆ. ಆದರೆ ಗಾಡಿಯ ಹಿಚ್ಚಿಗೆ ಕಂಪನಿ ಹೇಳಿರುವ ಮಿತಿ ಅದಕ್ಕಿಂತ ಕಡಿಮೆ ಇದ್ದರೆ ಆ ಮಿತಿಯನ್ನೇ ಪಾಲಿಸಬೇಕು. ಜಿಂಕೆಯನ್ನು ಗಾಳಿಯಾಡುವ ಬಟ್ಟೆಯ ಚೀಲದಲ್ಲಿ ಸುತ್ತಿ ಕಟ್ಟಬೇಕು, ಇಲ್ಲದಿದ್ದರೆ ರಸ್ತೆಗೆ ಎರಚಿದ ಉಪ್ಪು, ಕೆಸರು ಮಾಂಸಕ್ಕೆ ಹಾರುತ್ತದೆ. ಸೈಲೆನ್ಸರಿನ ಬಿಸಿಗಾಳಿ ತಾಗಬಾರದು, ನಂಬರ್ ಪ್ಲೇಟು, ಬ್ರೇಕ್ ದೀಪ ಮುಚ್ಚಬಾರದು. ಬೇಟೆ ಮುಗಿದ ಮೇಲೆ ಬಿಚ್ಚಿ ಗ್ಯಾರೇಜಿನ ಗೋಡೆಗೆ ನೇತುಹಾಕಿದರೆ ಆಯಿತು. ಪಿಕಪ್ಪಿನ ಹತ್ತು ದಿನದ ಉಪಯೋಗವನ್ನು ಅದರ ಬೆಲೆಯ ಒಂದು ಸಣ್ಣ ಚೂರಿಗೆ ಕೊಡುವ ಸಾಧನ ಇದು.

ಇನ್ನು ಮಂಗಳವಾರದ ಬೆಳಿಗ್ಗೆಗೆ ಬರೋಣ.

ಅಮೆರಿಕದಲ್ಲಿ ಕೆಲಸಕ್ಕೆ ಹೋಗುವವರ ಸರಾಸರಿ ಪ್ರಯಾಣ ಒಂದು ಕಡೆಗೆ ಸುಮಾರು 27 ನಿಮಿಷ. ಫೋರ್ಡ್ ಎಫ್-150 ಎಂಬ ಪಿಕಪ್ ಅಲ್ಲಿ ದಶಕಗಳಿಂದ ಅತಿ ಹೆಚ್ಚು ಮಾರಾಟವಾಗುವ ಎಫ್ ಸರಣಿಯ ಮುಖ್ಯ ಗಾಡಿ. ಡೆಟ್ರಾಯಿಟ್ ಪಕ್ಕದ ಡಿಯರ್‌ಬಾರ್ನ್‌ನಲ್ಲೇ ತಯಾರಾಗುತ್ತದೆ. ನಾಲ್ಕು ಬಾಗಿಲಿನ ಸಾಮಾನ್ಯ ಮಾದರಿಯ ಉದ್ದ ಸುಮಾರು 5.9 ಮೀಟರ್. ನಮ್ಮ ಬೊಲೆರೊ 4 ಮೀಟರಿಗೂ ಕಡಿಮೆ. ಅಮೆರಿಕದ ಪಾರ್ಕಿಂಗಿನ ಒಂದು ಅಂಕಣ ಸಾಮಾನ್ಯವಾಗಿ 5.5 ಮೀಟರ್, ಮೂತಿಯೋ ಬಾಲವೋ ಗೆರೆಯಾಚೆ ಚಾಚಲೇಬೇಕು. ಬಹುಮಹಡಿ ಪಾರ್ಕಿಂಗಿನಲ್ಲಿ ದಿನಾ ಎರಡು ಸಲ ತಿರುಗಿಸುವ ಕಷ್ಟವನ್ನು ಶೋರೂಮಿನ ಹತ್ತು ನಿಮಿಷದ ಟೆಸ್ಟ್ ಡ್ರೈವ್ ತೋರಿಸುವುದಿಲ್ಲ.

ಪೆಟ್ರೋಲಿನ ಲೆಕ್ಕ ನೋಡಿ. ವರ್ಷಕ್ಕೆ 12,000 ಮೈಲಿ, ಅಂದರೆ 19,000 ಕಿಲೋಮೀಟರಿಗೆ ತುಸು ಹೆಚ್ಚು ಓಡಾಟ ಎಂದಿಟ್ಟುಕೊಳ್ಳಿ. ನಾಲ್ಕು ಚಕ್ರ ಚಾಲನೆಯ ಎಫ್-150 ಗ್ಯಾಲನ್ನಿಗೆ ಸುಮಾರು 20 ಮೈಲಿ ಕೊಡುತ್ತದೆ; ನಮ್ಮ ಲೆಕ್ಕದಲ್ಲಿ ಲೀಟರಿಗೆ ಎಂಟೂವರೆ ಕಿಲೋಮೀಟರ್. ಟೊಯೋಟಾ ರ‍್ಯಾವ್-4 ಹೈಬ್ರಿಡ್ ಎಸ್‌ಯುವಿ 40 ಮೈಲಿ ಕೊಡುತ್ತದೆ. ಒಂದಕ್ಕೆ 600 ಗ್ಯಾಲನ್, ಇನ್ನೊಂದಕ್ಕೆ 300. ಗ್ಯಾಲನ್ನಿಗೆ 3 ಡಾಲರ್ ಹಿಡಿದರೂ ವರ್ಷಕ್ಕೆ 900 ಡಾಲರ್ ವ್ಯತ್ಯಾಸ. ಹತ್ತು ವರ್ಷ ಓಡಿಸಿದರೆ 9,000.

ಹಾಗಂತ ಎಸ್‌ಯುವಿ ಎಂದ ಮಾತ್ರಕ್ಕೆ ಉಳಿತಾಯ ಅಂದುಕೊಳ್ಳಬೇಡಿ. ಬೇಟೆಗಾರರಿಗೆ ಬಹಳ ಪ್ರಿಯವಾದ ಟೊಯೋಟಾ 4ರನ್ನರ್, 2024ರವರೆಗಿನ ಮಾದರಿಯಲ್ಲಿ ನಾಲ್ಕು ಚಕ್ರ ಚಾಲನೆಯಿದ್ದರೆ ಗ್ಯಾಲನ್ನಿಗೆ 17 ಮೈಲಿ ಮಾತ್ರ ಕೊಡುತ್ತಿತ್ತು. ಎಫ್-150ಗಿಂತಲೂ ಕಡಿಮೆ! ಇಲ್ಲಿಯೇ ಈ ಆಯ್ಕೆಯ ಮುಖ್ಯ ಗುಟ್ಟಿದೆ. ಪಿಕಪ್, ಎಸ್‌ಯುವಿ ಎಂದು ಎರಡಾಗಿ ಒಡೆದು ಹೋಲಿಸುವುದೇ ಅರೆಬರೆ. ಗಾಡಿಯ ಕೆಳಗೆ ಬಗ್ಗಿ ನೋಡಬೇಕು. ಹಳೆಯ ಬಗೆಯಲ್ಲಿ ಏಣಿಯಂಥ ಉಕ್ಕಿನ ಚಾಸಿಯ ಮೇಲೆ ಬಾಡಿಯನ್ನು ಕೂರಿಸಿರುತ್ತಾರೆ. ಹೊಸ ಬಗೆಯಲ್ಲಿ ಪ್ರತ್ಯೇಕ ಚಾಸಿ ಇಲ್ಲ, ಬಾಡಿಯೇ ಚಾಸಿ. ನಮ್ಮ ಬೊಲೆರೊ, ಥಾರ್, ಫಾರ್ಚುನರ್ ಮೊದಲನೆಯ ಬಗೆ. ಕ್ರೆಟಾ, ಎಕ್ಸ್‌ಯುವಿ700 ಎರಡನೆಯವು. ಏಣಿ ಚಾಸಿ ತೂಕ ಹೊರಲು, ಟ್ರೇಲರ್ ಎಳೆಯಲು, ಕಲ್ಲುದಾರಿಯಲ್ಲಿ ತಿರುಚಿಕೊಂಡು ನಡೆಯಲು ಗಟ್ಟಿ. ಆದರೆ ಭಾರ ಹೆಚ್ಚು, ಕುಲುಕಾಟ ಹೆಚ್ಚು, ಎಣ್ಣೆ ಹೆಚ್ಚು. ಅಮೆರಿಕದ ಎಸ್‌ಯುವಿಗಳ ಮೂಲಪುರುಷ ಎನ್ನಬಹುದಾದ ಶೆವ್ರೊಲೆ ಸಬರ್ಬನ್ 1935ರಲ್ಲಿ ಬಂದದ್ದು ಪಿಕಪ್ಪಿನ ಚಾಸಿಯ ಮೇಲೆಯೇ. ಇಂದಿಗೂ ಸಬರ್ಬನ್, ಟಾಹೊ ಎರಡೂ ಆ ಕಂಪನಿಯ ಪಿಕಪ್ಪಿನ ಅಡಿಪಾಯವನ್ನೇ ಹಂಚಿಕೊಂಡಿವೆ. ಇವನ್ನು ಕೊಂಡವರು ಪಿಕಪ್ಪಿನ ಎಣ್ಣೆ ಖರ್ಚು, ಭಾರ ಎರಡನ್ನೂ ಹೊತ್ತು, ತೆರೆದ ತೊಟ್ಟಿಯ ಲಾಭ ಮಾತ್ರ ಬಿಟ್ಟುಕೊಟ್ಟಂತೆ. ಏಳೆಂಟು ಜನರ ಕುಟುಂಬಕ್ಕೆ ಅವು ಬೇಕಾಗಬಹುದು. ಬೇಟೆಗೂ ಆಫೀಸಿಗೂ ಸೇರಿ ಇದಕ್ಕಿಂತ ತಪ್ಪು ಆಯ್ಕೆ ಕಡಿಮೆ.

ಹಿಮ ಬಿದ್ದ ರಸ್ತೆಯಲ್ಲಿ ಪಿಕಪ್ಪೇ ಭದ್ರ ಎಂಬುದು ಇನ್ನೊಂದು ನಂಬಿಕೆ. ಖಾಲಿ ಪಿಕಪ್ಪಿನ ಭಾರವೆಲ್ಲ ಮುಂದೆ ಎಂಜಿನ್ ಕಡೆಗಿರುತ್ತದೆ, ತಳ್ಳುವ ಚಕ್ರಗಳು ಹಿಂದೆ. ಹಿಂದೆ ತೂಕವಿಲ್ಲದೆ ಚಕ್ರ ಜಾರುತ್ತದೆ. ಅದಕ್ಕೇ ಮಿಷಿಗನ್ನಿನವರು ಚಳಿಗಾಲದಲ್ಲಿ ಹಿಂದಿನ ಆಕ್ಸಲ್ ಮೇಲೆ ಬರುವಂತೆ ಮರಳಿನ ಚೀಲ ಹಾಕಿಕೊಂಡು ಓಡಾಡುತ್ತಾರೆ. ನಾಲ್ಕು ಚಕ್ರ ಚಾಲನೆ ಇದೆಯಲ್ಲ ಎನ್ನಬಹುದು. ಹಲವು ಪಿಕಪ್ಪುಗಳಲ್ಲಿ ಅದನ್ನು ಒಣ ರಸ್ತೆಯಲ್ಲಿ ಹಾಕುವಂತಿಲ್ಲ; ಹಾಕಿದರೆ ಗೇರುಪೆಟ್ಟಿಗೆಯ ಭಾಗಗಳು ಒಂದಕ್ಕೊಂದು ಬಿಗಿದುಕೊಳ್ಳುತ್ತವೆ. ಆಫೀಸಿನ ದಾರಿಯೋ ಅರ್ಧ ಒಣಗಿದ್ದು, ಅರ್ಧ ಮಂಜುಗಟ್ಟಿದ್ದು. ಅಲ್ಲಿ ತಾನಾಗಿಯೇ ನಾಲ್ಕೂ ಚಕ್ರಕ್ಕೆ ಶಕ್ತಿ ಹಂಚುವ ಸಾಧಾರಣ ಎಸ್‌ಯುವಿ ಹೆಚ್ಚು ನೆಮ್ಮದಿಯದು. ಅದಕ್ಕೂ ಮುಖ್ಯ ಚಳಿಗಾಲದ ಟೈರು. ಒಳ್ಳೆಯ ಟೈರು ಹಾಕಿದ ಚಿಕ್ಕ ಗಾಡಿ, ಸವೆದ ಟೈರಿನ ದೊಡ್ಡ ಗಾಡಿಗಿಂತ ಎಷ್ಟೋ ಮೇಲು. ಕಾಡಿನ ಮರಳುದಾರಿಯಲ್ಲೂ ಅಷ್ಟೇ. ನೆಲದಿಂದ ಇರುವ ಎತ್ತರದಲ್ಲಿ ಎಫ್-150ಗೂ ರ‍್ಯಾವ್-4ಗೂ ಒಂದೆರಡು ಬೆರಳಿನ ಅಂತರವಷ್ಟೇ. ಮರಗಳ ನಡುವೆ ತಿರುಗಿಸುವಾಗ ಉದ್ದದ ಗಾಡಿಯೇ ಪರದಾಡುತ್ತದೆ.

ಆಫೀಸಿನ ದಾರಿಗೂ ಜಿಂಕೆಗೂ ಇನ್ನೊಂದು ನಂಟಿದೆ. ಮಿಷಿಗನ್ನಿನಲ್ಲಿ ವರ್ಷಕ್ಕೆ 50,000ಕ್ಕೂ ಹೆಚ್ಚು ಗಾಡಿಗಳು ಜಿಂಕೆಗೆ ಡಿಕ್ಕಿ ಹೊಡೆಯುತ್ತವೆ. ಅತಿ ಹೆಚ್ಚು ನಡೆಯುವುದು ಅಕ್ಟೋಬರಿನಿಂದ ಡಿಸೆಂಬರಿನೊಳಗೆ, ಜಿಂಕೆಗಳ ಕೂಡುವ ಕಾಲದಲ್ಲಿ, ಮುಂಜಾನೆ ಮತ್ತು ಮುಸ್ಸಂಜೆ ಹೊತ್ತು. ಕೆಲಸಕ್ಕೆ ಹೋಗುವ, ಮರಳುವ ಹೊತ್ತೂ ಅದೇ. ಜಿಂಕೆ ಅಡ್ಡ ಬಂದರೆ ಸ್ಟೀರಿಂಗ್ ಎಳೆಯಬೇಡಿ, ಬ್ರೇಕ್ ಒತ್ತಿ ನೇರ ಹೋಗಿ ಎಂದು ಅಲ್ಲಿನ ಪೊಲೀಸರು ಪ್ರತಿ ವರ್ಷ ಹೇಳುತ್ತಾರೆ. ಎತ್ತರದ, ಭಾರದ ಗಾಡಿಯನ್ನು ಥಟ್ಟನೆ ಎಳೆದರೆ ಮಗುಚುವ ಅಪಾಯ ಹೆಚ್ಚು. ಮನುಷ್ಯರ ವಿಷಯದಲ್ಲಿ ಮಾತು ಇನ್ನೂ ಕಠಿಣ. ಅಮೆರಿಕದ ಹೆದ್ದಾರಿ ಸುರಕ್ಷತೆಯ ವಿಮಾ ಸಂಸ್ಥೆ 2023ರಲ್ಲಿ ಪ್ರಕಟಿಸಿದ ಅಧ್ಯಯನದ ಪ್ರಕಾರ, ಬಾನೆಟ್ಟಿನ ಎತ್ತರ 40 ಇಂಚು ಮೀರಿದ ಗಾಡಿಗಳು ಪಾದಚಾರಿಗೆ ಡಿಕ್ಕಿ ಹೊಡೆದಾಗ, 30 ಇಂಚಿಗಿಂತ ತಗ್ಗಾದ ಇಳಿಜಾರು ಮೂತಿಯ ಗಾಡಿಗಳಿಗಿಂತ ಸಾವಿನ ಸಾಧ್ಯತೆ ಸುಮಾರು ಶೇ. 45 ಹೆಚ್ಚು. ದಿನವೂ ಮಕ್ಕಳು ರಸ್ತೆ ದಾಟುವ ಶಾಲೆಯ ಮುಂದೆ ಹಾದು ಆಫೀಸಿಗೆ ಹೋಗುವವರು ಈ ಅಂಕಿಯನ್ನು ಕಡೆಗಣಿಸುವುದು ಸರಿಯಲ್ಲ ಎಂದೇ ನನ್ನ ಭಾವನೆ.

ಹಾಗಾದರೆ ಚಿಕ್ಕದೊಂದು ಪಿಕಪ್ ಕೊಂಡರೆ ಸಾಕಲ್ಲ? ಸಾಕು. ಆದರೆ ಸುಮಾರು ಹತ್ತು ವರ್ಷ ಅಮೆರಿಕದ ಪೇಟೆಯಲ್ಲಿ ಚಿಕ್ಕ ಪಿಕಪ್ಪೇ ಸಿಗುತ್ತಿರಲಿಲ್ಲ, ಮತ್ತು ಇದರ ಹಿಂದೆ ಕೋಳಿಯ ಕಥೆಯಿದೆ. ಅರವತ್ತರ ದಶಕದ ಆರಂಭದಲ್ಲಿ ಫ್ರಾನ್ಸ್, ಪಶ್ಚಿಮ ಜರ್ಮನಿ ಅಮೆರಿಕದ ಅಗ್ಗದ ಕೋಳಿಮಾಂಸಕ್ಕೆ ಭಾರಿ ಸುಂಕ ಹಾಕಿದವು. ಸೇಡಿಗೆ ಅಮೆರಿಕ 1963ರ ಕೊನೆಯಲ್ಲಿ ಹೊರದೇಶದ ಲಘು ಟ್ರಕ್ಕುಗಳ ಮೇಲೆ ಶೇ. 25 ಸುಂಕ ಘೋಷಿಸಿತು. ಕೋಳಿಯ ಜಗಳ ಎಂದೋ ಮುಗಿಯಿತು, ಸುಂಕ ಉಳಿಯಿತು. ಥಾಯ್ಲೆಂಡಿನಲ್ಲಿ, ಜಪಾನಿನಲ್ಲಿ ತಯಾರಾಗುವ ಚಿಕ್ಕ, ಗಟ್ಟಿ ಪಿಕಪ್ಪುಗಳು ಅಮೆರಿಕದ ಪೇಟೆಗೆ ಬರುವ ದಾರಿ ಕ್ರಮೇಣ ಮುಚ್ಚಿತು. 1975ರಲ್ಲಿ ಬಂದ ಇಂಧನ ಮಿತವ್ಯಯದ ಕಾನೂನು ಕಾರುಗಳಿಗೆ ಬಿಗಿ, ಲಘು ಟ್ರಕ್ಕುಗಳಿಗೆ ಸಡಿಲ. ಎಸ್‌ಯುವಿಗಳೂ ಟ್ರಕ್ಕಿನ ಲೆಕ್ಕಕ್ಕೇ ಸೇರಿಕೊಂಡವು. ಮುಂದೆ ಗಾಡಿಯ ಚಕ್ರಗಳ ನಡುವಿನ ವಿಸ್ತೀರ್ಣ ಹೆಚ್ಚಿದಷ್ಟೂ ಮೈಲೇಜಿನ ಗುರಿ ಸಡಿಲ ಎಂಬ ನಿಯಮ ಬಂತು. ದೊಡ್ಡದು ಮಾಡಿದವರಿಗೆ ಲಾಭ, ಚಿಕ್ಕದು ಮಾಡಿದವರಿಗೆ ಕಷ್ಟ. ಫೋರ್ಡ್ ತನ್ನ ಚಿಕ್ಕ ಪಿಕಪ್ ರೇಂಜರನ್ನು ಅಮೆರಿಕದಲ್ಲಿ 2011ರಲ್ಲಿ ನಿಲ್ಲಿಸಿತು. 2019ರಲ್ಲಿ ಮರಳಿ ಬಂದಾಗ ಅದು ಚಿಕ್ಕದಾಗಿರಲಿಲ್ಲ. ದೊಡ್ಡ ಪಿಕಪ್ಪುಗಳ ಆಕಾರವೂ ಬದಲಾಯಿತು. ಮೊದಲ ತಲೆಮಾರಿನ ಎಫ್-150ರಲ್ಲಿ ಉದ್ದದ ಶೇ. 64 ಭಾಗ ತೊಟ್ಟಿ, 36 ಭಾಗ ಜನ ಕೂರುವ ಜಾಗ. 2021ರ ಹೊತ್ತಿಗೆ ಅದು ತಲೆಕೆಳಗಾಗಿ, ಶೇ. 63 ಜನರಿಗೆ, 37 ಸಾಮಾನಿಗೆ. ದುಡಿಮೆಯ ಗಾಡಿ ಕುಟುಂಬದ ಗಾಡಿಯಾಯಿತು, ಗಾತ್ರ ಮಾತ್ರ ಇಳಿಯಲಿಲ್ಲ.

ಈ ನಿರ್ವಾತವನ್ನು ತುಂಬಿದ್ದು ಬಾಡಿಯೇ ಚಾಸಿಯಾಗಿರುವ ಪಿಕಪ್ಪುಗಳು. ಹೋಂಡಾ ರಿಡ್ಜ್‌ಲೈನ್ 2005ರಲ್ಲೇ ಬಂದಿತ್ತು. ಅದರ ತೊಟ್ಟಿಯ ಅಡಿಯಲ್ಲಿ ಬೀಗ ಹಾಕಬಹುದಾದ ಡಿಕ್ಕಿಯಿದೆ, ನೀರು ಹೊರಬಿಡಲು ತಳದಲ್ಲಿ ಬಿರಡೆಯೂ ಇದೆ. ಐಸು ತುಂಬಿ ಮಾಂಸ ಇಡುವ ಬೇಟೆಗಾರನಿಗೆ ಇದಕ್ಕಿಂತ ಅನುಕೂಲದ ವ್ಯವಸ್ಥೆ ನನಗೆ ಕಾಣದು. 2022ರ ಮಾದರಿಯಾಗಿ ಬಂದ ಫೋರ್ಡ್ ಮ್ಯಾವರಿಕ್ ಇನ್ನೂ ಚಿಕ್ಕದು. ಹೈಬ್ರಿಡ್ ಮ್ಯಾವರಿಕ್ ಗ್ಯಾಲನ್ನಿಗೆ 37 ಮೈಲಿ ಕೊಡುತ್ತದೆ, 680 ಕಿಲೋ ಹೊರುತ್ತದೆ. ಮೊದಲು ನಾಲ್ಕು ಚಕ್ರ ಚಾಲನೆ ಹೈಬ್ರಿಡ್ಡಿಗೆ ಇರಲಿಲ್ಲ, 2025ರ ಮಾದರಿಯಿಂದ ಅದೂ ಬಂದಿದೆ. ತೊಟ್ಟಿಯ ಉದ್ದ ನಾಲ್ಕೂವರೆ ಅಡಿ. ಹಿಂಬಾಗಿಲು ಕೆಳಗಿಳಿಸಿದರೆ ಜಿಂಕೆ ಕಾಲು ಚಾಚಿ ಮಲಗುವಷ್ಟು ಜಾಗ. ಆ ಬಾಗಿಲೇ ಮಾಂಸ ಬಿಡಿಸುವ ಮೇಜು.

ದೊಡ್ಡ ಪಿಕಪ್ ಯಾರಿಗೂ ಬೇಡ ಎಂದು ಹೇಳಿದರೆ ಅನ್ಯಾಯವಾಗುತ್ತದೆ. ಕೊಲರಾಡೋ, ವಯೋಮಿಂಗ್, ಮೊಂಟಾನಾದ ಬೆಟ್ಟಗಳಲ್ಲಿ ಎಲ್ಕ್ ಎಂಬ ಭಾರಿ ಜಿಂಕೆಯನ್ನು ಬೇಟೆಯಾಡುವವರ ಕಥೆಯೇ ಬೇರೆ. ಗಂಡು ಎಲ್ಕ್ 300 ಕಿಲೋ ದಾಟುತ್ತದೆ. ವಾರಗಟ್ಟಲೆ ಡೇರೆ, ನೀರು, ಕೆಲವರಿಗೆ ಕುದುರೆ ಟ್ರೇಲರ್. ನಾಲ್ಕು ಚಕ್ರದ ಎಟಿವಿಯನ್ನು ಗಾಡಿಯ ಮೇಲೇ ಹೇರಿಕೊಂಡು ಹೋಗುವವರು, ಬಾತುಕೋಳಿ ಬೇಟೆಗೆ ದೋಣಿ ಎಳೆಯುವವರು, ಜಮೀನು ಇಟ್ಟುಕೊಂಡು ವರ್ಷವಿಡೀ ಸೌದೆ, ಗೊಬ್ಬರ ಸಾಗಿಸುವವರು ದೊಡ್ಡ ಪಿಕಪ್ಪನ್ನೇ ಕೊಳ್ಳಬೇಕು. ನಾಯಿ ಜೊತೆ ಕಾಡುಕೋಳಿ ಬೇಟೆಗೆ ಹೋಗುವವರಿಗೆ ಮಾತ್ರ ಎಸ್‌ಯುವಿಯೇ ಸೈ. ಒದ್ದೆಯಾದ ನಾಯಿಯನ್ನು ಚಳಿಗಾಳಿಯ ತೊಟ್ಟಿಯಲ್ಲಿ ಕೂರಿಸಬಾರದು.

ಆರು ಸಾವಿರ ಪೌಂಡ್ ಮೀರಿದ ಗಾಡಿಗೆ ತೆರಿಗೆಯಲ್ಲಿ ದೊಡ್ಡ ವಿನಾಯಿತಿ ಇದೆ, ಆದ್ದರಿಂದ ದೊಡ್ಡದನ್ನೇ ಕೊಳ್ಳಿ ಎಂಬ ಸಲಹೆ ಅಲ್ಲಿ ಆಗಾಗ ಕಿವಿಗೆ ಬೀಳುತ್ತದೆ. ಆ ವಿನಾಯಿತಿ ಅರ್ಧಕ್ಕಿಂತ ಹೆಚ್ಚು ಓಡಾಟ ಸ್ವಂತ ವ್ಯಾಪಾರಕ್ಕೆ ಇದ್ದರೆ ಮಾತ್ರ. ಮನೆಯಿಂದ ಆಫೀಸಿಗೆ ಹೋಗುವುದು ವ್ಯಾಪಾರದ ಓಡಾಟ ಅಲ್ಲ. ಸಂಬಳದ ಕೆಲಸದಲ್ಲಿರುವವರು ಆ ಮಾತಿಗೆ ಕಿವಿಗೊಡುವುದು ಬೇಡ.

ಕೋವಿಯ ಬಗ್ಗೆ ಹೇಳದೆ ಈ ವಿಷಯ ಮುಗಿಸುವಂತಿಲ್ಲ. ಮಿಷಿಗನ್ನಿನಲ್ಲಿ ಗಾಡಿಯಲ್ಲಿ ಕೋವಿ ಸಾಗಿಸುವಾಗ ತೋಟಾ ತೆಗೆದಿರಬೇಕು, ಕೋವಿ ಚೀಲದಲ್ಲೋ ಪೆಟ್ಟಿಗೆಯಲ್ಲೋ ಇರಬೇಕು, ಇಲ್ಲವೇ ಡಿಕ್ಕಿಯಲ್ಲಿರಬೇಕು. ಶಾಲೆಯ 1,000 ಅಡಿಯೊಳಗೆ ಹಾದುಹೋಗುವಾಗ ಕೇಂದ್ರದ ಕಾನೂನಿನ ಪ್ರಕಾರ ತೋಟಾ ತೆಗೆದು ಬೀಗ ಹಾಕಿದ ಪೆಟ್ಟಿಗೆಯಲ್ಲಿ ಇಡುವುದೇ ಸುರಕ್ಷಿತ ದಾರಿ. ಎಷ್ಟೋ ಕಂಪನಿಗಳು ತಮ್ಮ ಪಾರ್ಕಿಂಗಿನಲ್ಲೂ ಕೋವಿ ಬಿಡುವುದಿಲ್ಲ. ಎಸ್‌ಯುವಿಯ ಹಿಂದಿನ ಗಾಜಿನಿಂದ ಒಳಗಿರುವುದೆಲ್ಲ ಕಾಣುತ್ತದೆ, ಪಿಕಪ್ಪಿನ ತೊಟ್ಟಿಗೆ ಬೀಗವೇ ಇಲ್ಲ. ಆಫೀಸಿನಿಂದ ನೇರ ಕಾಡಿಗೆ ಹೋಗುವ ಯೋಜನೆ ಬಿಟ್ಟು, ಮನೆಗೆ ಬಂದು ಕೋವಿ ತೆಗೆದುಕೊಂಡು ಹೋಗುವುದು ಒಳ್ಳೆಯದು. ಎಚ್-1ಬಿ ವೀಸಾದಲ್ಲಿ ಇರುವ ನಮ್ಮವರಿಗೆ ಇನ್ನೂ ಮುಖ್ಯವಾದ ಮಾತು: ತಾತ್ಕಾಲಿಕ ವೀಸಾದವರು ಕೋವಿ ಇಟ್ಟುಕೊಳ್ಳುವುದು ಕೇಂದ್ರ ಕಾನೂನಿನಲ್ಲಿ ಸಾಮಾನ್ಯವಾಗಿ ನಿಷಿದ್ಧ. ಚಾಲ್ತಿಯಲ್ಲಿರುವ ಬೇಟೆಯ ಪರವಾನಗಿ ಇರುವವರಿಗೆ ಅದರಿಂದ ವಿನಾಯಿತಿ ಇದೆ. ಪರವಾನಗಿಯ ಅವಧಿ ಮುಗಿದರೆ ವಿನಾಯಿತಿಯೂ ಮುಗಿಯಿತು. 1960ರ ಜನವರಿ 1 ಅಥವಾ ಆಮೇಲೆ ಹುಟ್ಟಿದವರು ಮಿಷಿಗನ್ನಿನಲ್ಲಿ ಮಾಮೂಲಿ ಪರವಾನಗಿ ಪಡೆಯಲು ಬೇಟೆ ಸುರಕ್ಷತೆಯ ತರಬೇತಿ ಮುಗಿಸಿರಬೇಕು. ಗಾಡಿಯಲ್ಲಿ ತಪ್ಪಿದರೆ ಹಣ ಹೋಗುತ್ತದೆ, ಇದರಲ್ಲಿ ತಪ್ಪಿದರೆ ವೀಸಾವೇ ಹೋಗಬಹುದು. ವಕೀಲರನ್ನು ಕೇಳದೆ ಮುಂದುವರಿಯಬೇಡಿ.

ಡೆಟ್ರಾಯಿಟ್ ಸುತ್ತಮುತ್ತ ಮನೆ ಮಾಡಿಕೊಂಡು, ದಿನಾ ಅರ್ಧ ಗಂಟೆ ಓಡಿಸಿ, ವರ್ಷಕ್ಕೆ ಒಂದೆರಡು ಜಿಂಕೆ ತರುವವರಿಗೆ ನನ್ನ ತೀರ್ಪು ಇಷ್ಟು. ಮನೆಯಲ್ಲಿ ಚಿಕ್ಕ ಮಕ್ಕಳಿದ್ದರೆ ಹೈಬ್ರಿಡ್ ಎಸ್‌ಯುವಿ ಕೊಂಡು ಹಿಚ್ಚು, ಜಾಲರಿ ತಟ್ಟೆ, ಒಳ್ಳೆಯ ಕೂಲರ್ ಪೆಟ್ಟಿಗೆ, ಚಳಿಗಾಲದ ಟೈರು ಇಷ್ಟಕ್ಕೆ ಹಣ ಎತ್ತಿಡಿ. ಬೇಟೆ, ತೋಟದ ಕೆಲಸ ಎರಡೂ ಇದ್ದರೆ ಮ್ಯಾವರಿಕ್ ಅಥವಾ ರಿಡ್ಜ್‌ಲೈನ್. ದೊಡ್ಡ ಪಿಕಪ್ಪಿನ ಮೇಲೇ ಮನಸ್ಸು ನಿಂತಿದ್ದರೆ, ಸಹಿ ಹಾಕುವ ಮೊದಲು ಗೆಳೆಯರದ್ದೋ ಬಾಡಿಗೆಯದ್ದೋ ಒಂದನ್ನು ತಂದು ಒಂದು ವಾರ ಆಫೀಸಿಗೆ ಓಡಿಸಿ ನೋಡಿ. ಟೇಪು ಹಿಡಿದು ಗ್ಯಾರೇಜನ್ನೂ ಅಳೆಯಿರಿ. ಅಮೆರಿಕದ ಮನೆಗಳ ಗ್ಯಾರೇಜು ಸಾಮಾನ್ಯವಾಗಿ 6.1 ಮೀಟರ್ ಉದ್ದ, ಎಫ್-150 5.9 ಮೀಟರ್.